ಹಲಗೆ ಮನೆಯ ಗ್ಯಾಸ್ ಒಲೆ

ನೆರೆಮನೆಯ ಕೆಂಪಕ್ಕ ಸಾವಿನ ಮನೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ನೀರಿನ ಹಂಡೆ ಏರಿಸಿ, ಪುಳ್ಳೆಗೆ ಕಡ್ಡಿ ಗೀರಿದ್ದಳು. ಓಡಿಬಂದ ಗಂಗಹನುಮಯ್ಯ ಉರಿಯುವ ಕಡ್ಡಿಯನ್ನು ಬರಿಗೈಯಲ್ಲೇ ಹೊಸಕಿ, ಹಂಡೆಯನ್ನು ಪುಳ್ಳೆಯ ಮೇಲೆ ಉರುಳಿಸಿಬಿಟ್ಟ.

ಹೆಣ ಮೀಯಿಸುವ ನೀರು! ಸೇರಿದ್ದ ಹೆಂಗಸರ ಮುಂದೆಯೇ ಕೆಂಪಕ್ಕ ರೇಗಿದಳು.

"ಇದೇನ್ ಗೌಡ್ರೆ? ಒಳಗೆ ಬೊಮ್ಮಕ್ಕ ಮಲಗವ್ಳೆ. ಸತ್ತೋಳಿಗೆ ಬಿಸಿನೀರೂ ಬ್ಯಾಡ್ವಾ?"

"ಬೇಕು ಕಣಮ್ಮ, ಇಲ್ಲಿ ಬ್ಯಾಡ. ಆ ಪೀಪಾಯಿ ತುಂಬ ಗ್ಯಾಸೈತೆ. ಮೊನ್ನೆ ಸಂಜೆ ತುಂಬಿಟ್ಟವ್ಳೆ. ಒಂದ್ ಕಿಡಿ ಬಿದ್ರೆ ಅವಳ ಜೊತೆ ನಾವೂ ಹೋಯ್ತೀವಿ."

ಬೇಲಿಯ ಬಳಿ ಕೂತಿದ್ದ ತಗಡಿನ ಪೀಪಾಯಿಯಿಂದ ಎಲ್ಲರೂ ಹಿಂದೆ ಸರಿದರು. ಗಂಗಹನುಮಯ್ಯ ಖಾಲಿ ಹಂಡೆಯನ್ನು ತಾನೇ ಹೆಗಲಿಗೇರಿಸಿಕೊಂಡು ತನ್ನ ಮನೆಯತ್ತ ನಡೆದ. ಅವನು ಈ ಮನೆಯ ಮಾಲೀಕ. ಬೊಮ್ಮಕ್ಕ, ಅವಳ ಗಂಡ ಕ್ಯಾತಣ್ಣ ಬಾಡಿಗೆಗಿದ್ದವರು.

ಬೊಮ್ಮಕ್ಕನ ಅಕ್ಕ ಭೀಮಕ್ಕ ನಾಗಲಮಡಿಕೆಯಿಂದ ಬೆಳಗಿನ ಬಸ್ಸಿಗೆ ಬಂದಿಳಿದಿದ್ದಳು. ಅವಳಿಗಾಗಿಯೇ ಹೆಣವನ್ನು ಒಂದು ದಿನ ಇಟ್ಟುಕೊಂಡಿದ್ದರು. ಅತ್ತು ಸುಸ್ತಾದ ಮೇಲೆ ಅವಳ ಕಣ್ಣು ಪೀಪಾಯಿಯಿಂದ ಗೋಡೆಯೊಳಕ್ಕೆ ಹೋದ ಕಬ್ಬಿಣದ ಕೊಳವೆಯ ಹಿಂದೆಯೇ ಹೋಯಿತು. ಕಂಬ, ಗೋಡೆ, ಅಟ್ಟ ಎಲ್ಲ ಮರವೇ.

"ಅಯ್ಯೋ ದೇವುಡಾ! ಈ ಹಲಗೆ ಮನ್ಯಾಗೆ ಗ್ಯಾಸಿನ ಒಲೆ ಯಾಕ್ ಬೇಕಾಗಿತ್ತು ಇವಳಿಗೆ?"

ಕಂಬಕ್ಕೊರಗಿ ಕೂತಿದ್ದ ಕ್ಯಾತಣ್ಣ ಉಸಿರು ಎಳೆದುಕೊಂಡು ಹೇಳಿದ. "ಅವಳಿಗಲ್ಲ, ನಂಗೆ."

*

ಕ್ಯಾತಣ್ಣನಿಗೆ ಉಬ್ಬಸದ ಗೂರಲು ಅಂಟಿದ್ದು ಕುರಿ ಮಾರಿ ಮಧುಗಿರಿಗೆ ಬಂದ ಮೇಲೆ. ಒಲೆ ಹೊತ್ತಿಸಿದರೆ ಹಲಗೆಯ ಸಂದುಗಳಲ್ಲಿ ಹೊಗೆ ನುಗ್ಗಿ ಅವನ ಎದೆ ಕಟ್ಟುತ್ತಿತ್ತು. ಬೊಮ್ಮಕ್ಕ ಒಲೆಯನ್ನು ದೂರದ ಹುಣಸೆಮರದ ಬುಡಕ್ಕೆ ಒಯ್ದಳು. ಒಂದು ಮಧ್ಯಾಹ್ನ ಅವನು ಉಸಿರಿಲ್ಲದೆ ನೆಲಕ್ಕೆ ಬಿದ್ದು ಕೂಗಿದ್ದು ಅವಳಿಗೆ ಕೇಳಲೇ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಗಂಗಹನುಮಯ್ಯ ಎತ್ತಿ ಕೂರಿಸಿದ್ದ.

ಅಂದಿನಿಂದ ಅವಳಿಗೆ ಒಂದೇ ಯೋಚನೆ: ಒಲೆ ಅವನ ಕೂಗಿಗೆ ನಿಲುಕುವಷ್ಟು ಹತ್ತಿರ ಇರಬೇಕು, ಹೊಗೆ ಇರಬಾರದು. ಶಿರಾದಲ್ಲಿ ಅಡವಯ್ಯ ಎಂಬವನು ಮೆರವಣಿಗೆಗಳಿಗೆ ಕಾರ್ಬೈಡ್ ಕಲ್ಲಿನ ದೀಪ ಕಟ್ಟುತ್ತಿದ್ದ. ಆ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿದರೆ ಗ್ಯಾಸು ಹುಟ್ಟುತ್ತದೆ, ಅದರಿಂದ ಒಲೆಯೂ ಉರಿಯುತ್ತದೆ ಎಂದು ಕೇಳಿ ಅವನನ್ನೇ ಕರೆತಂದಳು.

"ಆಗಕಿಲ್ಲ," ಅಂದ ಗಂಗಹನುಮಯ್ಯ. "ನಮ್ಮಪ್ಪ ಹಳೇ ಬಂಗಲೆ ಕಿತ್ತಾಗ ತಂದ ತೇಗ ಇದು. ಹತ್ಕೊಂಡ್ರೆ ಬೀದಿನೇ ಬೂದಿ."

"ಬೆಂಕಿ ಮರ ಮುಟ್ಟಬಾರ್ದು, ಅಷ್ಟೇ ತಾನೆ? ಮುಟ್ಟದಂಗೆ ಮಾಡಾನ," ಅಂದಳು ಬೊಮ್ಮಕ್ಕ.

ಜಗಳವಾಡುತ್ತಲೇ ಮೂವರೂ ಕೆಲಸ ಮಾಡಿಸಿದರು. ಪೀಪಾಯಿ ಮನೆಯಿಂದಾಚೆ ಬೇಲಿಯ ಬಳಿ. ಒಲೆಯ ಹಿಂದಿನ ಹಲಗೆ ಕೊಯ್ದು ಅಲ್ಲಿ ಕಲ್ಲುಚಪ್ಪಡಿ. ಕಲ್ಲಿಗೂ ಮರಕ್ಕೂ ನಡುವೆ ಕೈ ಆಡುವಷ್ಟು ಸಂದು. ಕೊಳವೆ ಗೋಡೆ ದಾಟುವಲ್ಲಿ ಮರಕ್ಕೆ ತಾಗದಂತೆ ಸುತ್ತಲೂ ಮಣ್ಣಿನ ಬಳೆ. ಸೋರಿದ ಗ್ಯಾಸು ನಿಲ್ಲದಿರಲೆಂದು ಸೂರಿನಡಿ ಒಂದು, ನೆಲದ ಮಟ್ಟಕ್ಕೆ ಒಂದು, ಬಾಗಿಲಿಲ್ಲದ ಕಿಂಡಿ.

ಹೊತ್ತಿಸುವ ದಿನ ಅಡವಯ್ಯ ಕಡ್ಡಿಪೆಟ್ಟಿಗೆ ತೆಗೆದ.

"ತಡಿಯಯ್ಯ," ಗಂಗಹನುಮಯ್ಯ ಮೂಗರಳಿಸಿದ. "ಬೆಳ್ಳುಳ್ಳಿ ವಾಸ್ನೆ."

"ಅಡುಗೆಮನೆ ಅಲ್ವಾ ಗೌಡ್ರೆ!" ಅಡವಯ್ಯ ನಕ್ಕ.

ಬೊಮ್ಮಕ್ಕ ನಗಲಿಲ್ಲ. "ಮನೇಲಿ ಒಂದೆಸಳು ಬೆಳ್ಳುಳ್ಳಿ ಇಲ್ಲ ಕಣಣ್ಣ."

ಅಡವಯ್ಯನ ಕೈ ನಿಂತಿತು. ಕಾರ್ಬೈಡ್ ಗ್ಯಾಸಿಗೂ ಅದೇ ವಾಸನೆ. ಬೊಮ್ಮಕ್ಕ ಅಂಟುವಾಳ ಕಿವುಚಿ, ಅವನು ಹೇಳಿದಂತೆ ಕೊಳವೆಯ ಜೋಡಣೆಗಳಿಗೆಲ್ಲ ನೊರೆ ಬಳಿದಳು. ಗೋಡೆಯ ಬದಿಯ ತಿರುವಿನಲ್ಲಿ ನೊರೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಕೋಣೆಯಿಂದ ಕ್ಯಾತಣ್ಣನನ್ನು ಹೊತ್ತು ಹೊರಗೆ ಕೂರಿಸಿದರು. ಅಡವಯ್ಯ ಪೀಪಾಯಿಯ ತಿರುಪು ಮುಚ್ಚಿ, ಆ ಜೋಡಣೆ ಬಿಚ್ಚಿ, ಸೆಣಬು ಸುತ್ತಿ ಮತ್ತೆ ಬಿಗಿದ. ಬಿಸಿಲು ಇಳಿಯುವವರೆಗೆ ಬಾಗಿಲು ತೆರೆದಿಟ್ಟು, ಇನ್ನೊಮ್ಮೆ ನೊರೆ ಬಳಿದು ನೋಡಿದ ಮೇಲೆಯೇ ಕಡ್ಡಿ ಗೀರಿದ್ದು. ಉರಿ ನೀಲಿಯಾಗಿ ಎದ್ದಿತು.

"ಹತ್ತಿತೇನೆ?" ಕೋಣೆಗೆ ಮರಳಿದ್ದ ಕ್ಯಾತಣ್ಣ ಕೂಗಿದ.

"ಹತ್ತಿತು. ಹೊಗೆ ಬಂತಾ?"

"ಇಲ್ಲ ಕಣೆ. ನಿನ್ನ ಮಾತು ಬಂತು."

*

"ಅವತ್ತಿಂದ ಗೌಡ್ರು ದಿನಾ ಹೊತ್ತಾರೆ ವಾಸ್ನೆ ನೋಡಾಕೆ ಬರೋರು," ಅಂದ ಕ್ಯಾತಣ್ಣ.

"ದಿನಾನೂ? ಅಷ್ಟೊಂದು ಸೋರೋದಾ?"

"ಆಮೇಲೆ ಒಂದ್ಸಲಾನೂ ಸೋರಲಿಲ್ಲ. ಆದ್ರೂ ಬರೋರು. ಹೆಂಡ್ತಿ ಹೋದ್ಮೇಲೆ ಅವರದ್ದೂ ಒಂಟಿ ಮನೆ. ಮೂಗು ಎತ್ತಿ ನಿಂತೋರ ಮುಂದೆ ಇವಳು ತಟ್ಟೆ ಇಡೋಳು. 'ಸೋರ್ತಾ ಇಲ್ಲ' ಅಂತ ಇವಳೂ ಹೇಳಲಿಲ್ಲ, ಅವರೂ ಹೇಳಲಿಲ್ಲ."

ಭೀಮಕ್ಕ ತಂಗಿಯ ಮುಖವನ್ನೇ ನೋಡುತ್ತ ಕೂತಳು.

ಗಂಗಹನುಮಯ್ಯ ಹಬೆಯಾಡುವ ಹಂಡೆ ಹೊತ್ತು ಬಂದ. ಕೈ ಸುಟ್ಟಿತ್ತು, ಪಂಚೆ ನೆನೆದಿತ್ತು. ಹೆಂಗಸರು ಅದೇ ನೀರಿನಲ್ಲಿ ಬೊಮ್ಮಕ್ಕನನ್ನು ಮೀಯಿಸಿದರು. ಬೆಟ್ಟದ ನೆರಳು ಊರಿನ ಮೇಲೆ ಬೀಳುವ ಮುಂಚೆ ಮಣ್ಣು ಮಾಡಿ ಬಂದರು.

ಸಂಜೆ ಜನ ಚದುರಿದ ಮೇಲೆ ಗಂಗಹನುಮಯ್ಯ ಒಂದು ತಟ್ಟೆಯ ಮೇಲೆ ಪಂಚೆಯ ಚುಂಗು ಮುಚ್ಚಿಕೊಂಡು ಬಂದು ಕ್ಯಾತಣ್ಣನ ಮುಂದಿಟ್ಟ. ಉಪ್ಪುಸಾರಿನ ನಡುವೆ ಒಂದು ರಾಗಿಮುದ್ದೆ. ಒಂದು ಕಡೆ ಸೊಟ್ಟ, ಇನ್ನೊಂದು ಕಡೆ ಬಿರುಕು, ಮೇಲೆ ನಾಲ್ಕು ದಪ್ಪ ಬೆರಳುಗಳ ಅಚ್ಚು. ಕ್ಯಾತಣ್ಣ ಮುರಿದಾಗ ಒಳಗಿನಿಂದ ಬೇಯದ ಹಸಿಹಿಟ್ಟು ಸಾರಿನ ಮೇಲೆ ಉದುರಿತು. ಅವನು ಅದನ್ನು ಬೆರಳಿನಿಂದ ಸಾರಿನಲ್ಲಿ ಕಲಸಿಕೊಂಡು, ತಟ್ಟೆಯನ್ನು ಇಬ್ಬರ ನಡುವೆ ಸರಿಸಿದ.