ಇಸ್ತ್ರಿ ಹಾಕಿದ ಜೆರ್ಸಿ

ಬಿಳಿ ಕೋಟಿನ ತೋಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಉದ್ದವಾಯಿತು ಇದು, ಬೆರಳ ತುದಿಯವರೆಗೂ ಬರುತ್ತದೆ, ಯಾವನೋ ಆರಡಿ ಐರ್ಲೆಂಡಿನವನ ಅಳತೆಗೆ ಹೊಲಿಸಿದ್ದಿರಬೇಕು, ಕ್ಷೌರದಂಗಡಿಯವನ ಹಾಗೆ ಕಾಣುತ್ತಿದ್ದೇನೆ ಅಂದುಕೊಂಡ ಯತಿರಾಜ್, ಗೋಲ್ ಕಂಬಕ್ಕೆ ಒರಗೋಣವೆಂದರೆ ಅಂಪೈರ್ ಒರಗಬಾರದಂತೆ — ಕಾಲ ಬಳಿ ಎರಡು ಬಾವುಟ, ಚೆಂಡು ಕಂಬಗಳ ನಡುವೆ ಗೆರೆ ದಾಟಿ ಬಲೆಗೆ ಬಿದ್ದರೆ ಹಸಿರು, ಮೂರು ಅಂಕ, ಅಡ್ಡಪಟ್ಟಿಯ ಮೇಲಿಂದ ಹೋದರೆ ಬಿಳಿ, ಒಂದೇ ಅಂಕ, ಇಷ್ಟೇ ಕೆಲಸ, ಗೋಲಿನ ವಿಷಯ ನಿನಗಿಂತ ಚೆಂದ ಯಾರಿಗೆ ಗೊತ್ತುಂಟು ಮಾರಾಯಾ, ಅಂಪೈರ್‌ಗಳನ್ನು ಕ್ಲಬ್ಬಿನವರೇ ಕೊಡಬೇಕಲ್ಲ, ಈ ಕೋಟು ನೀನೇ ಹಾಕು ಅಂದಿದ್ದ ಬೆಳಿಗ್ಗೆ ನಮ್ಮ ಮ್ಯಾನೇಜರ್ ರೊನಾಲ್ಡ್, ಬೆನ್ನು ಬೇರೆ ತಟ್ಟಿದ್ದ, ನಾನೂ ಪೆದ್ದನ ಹಾಗೆ ಹಲ್ಲು ಕಿರಿದಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ರಾಯನ್‌ನ ಬೆನ್ನು, ಬೆನ್ನ ಮೇಲೆ ಗೋಲ್‌ಕೀಪರನ ಒಂದನೇ ನಂಬರು, ಹೋದ ತಿಂಗಳವರೆಗೂ ಅದು ನನ್ನ ನಂಬರು, ಚಳಿಗಾಲವಿಡೀ ಕೆಲಸ ಮುಗಿಸಿ ಎಸ್-ಬಾನ್ ರೈಲು ಹಿಡಿದು ಫೊಯರ್‌ಬಾಕ್‌ನ ಕಲ್ಲಾದ ಮೈದಾನದಲ್ಲಿ ಬಿದ್ದದ್ದು ಎದ್ದದ್ದು ಇದೇ ಒಂದು ದಿನಕ್ಕೆ, ವಿಡಿಯೊ ಕಾಲ್‌ನಲ್ಲಿ ತರಚಿದ ಮೊಣಕೈ ಕಂಡು ಯಾರ್ ಜೊತೆ ಹೊಡೆದಾಡ್ಕೊಂಡ್ಯೋ ಅಂತ ಮೈಸೂರಿನಿಂದ ಅಮ್ಮ ಕೂಗಿದ್ದಳು — ಫೈನಲ್ ಕಣಮ್ಮ, ಐರ್ಲೆಂಡಲ್ಲಾದ್ರೆ ಕೌಂಟಿಗೊಂದು, ನಮ್ ಜಿಲ್ಲೆ ಥರ, ಇರುತ್ತೆ, ಇಲ್ಲಿ ಇಡೀ ಜರ್ಮನೀನೇ ಒಂದು ಕೌಂಟಿ ಅಂದ್ಕೊಂಡು ಆಡಿಸ್ತಾರೆ, ಇಂಟರ್‌ಮೀಡಿಯೆಟ್ ಕ್ಲಬ್‌ಗಳ ಗೇಲಿಕ್ ಫುಟ್‌ಬಾಲು, ಸೀನಿಯರ್‌ಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನಂಥವರಿಗೇ ಇರೋದು, ಟೀವೀಲಿ ಬರುತ್ತೇನೋ, ಇಲ್ಲಮ್ಮ.

ಕೋಟು ಎಷ್ಟು ಮುದುಡಿದೆ, ತಿಪ್ಪೆಯಿಂದ ಎತ್ತಿಕೊಂಡ ಹಾಗೆ, ಕ್ಲಬ್ಬಿನ ಸಾಮಾನೇ ಹಾಗಲ್ಲವೇ, ಜೆರ್ಸಿ, ಕಾಲುಚೀಲ, ಬಾವುಟ, ಎಲ್ಲ ಒಂದೇ ಮೂಟೆಯಲ್ಲಿ ತುರುಕಿರುತ್ತಾರೆ, ತೆಗೆದು ಕೊಡವಿದರೆ ಹಳೇ ಬೆವರಿನ ವಾಸನೆ — ಹೋದ ತಿಂಗಳು ವೋಲ್ಫ್ಸ್‌ಬುರ್ಗ್‌ನಲ್ಲಿ ಆ ವಾಸನೆ ಇರಲಿಲ್ಲ. ಯಾಕೆ ಇರಲಿಲ್ಲ? ನಾನು ಸುಮ್ಮನೆ ನೋಡಲು ಹೋದವನು, ನಮ್ಮ ಕ್ಲಬ್ಬಿನ ಸೀನಿಯರ್ ತಂಡದ ಚಾಂಪಿಯನ್‌ಶಿಪ್ ಪಂದ್ಯ, ಇನ್ನೇನು ಮುಗಿಯಬೇಕು, ಅದಕ್ಕೂ ಮ್ಯಾನೇಜರ್ ಆದ ರೊನಾಲ್ಡ್ ಏದುಸಿರು ಬಿಡುತ್ತಾ ಬಂದ, ಒಬ್ಬನ ಕಾಲು ಉಳುಕಿತು ಮಾರಾಯಾ, ಜನ ಸಾಲುವುದಿಲ್ಲ, ಎರಡು ನಿಮಿಷ ಮೂಲೆಯಲ್ಲಿ ನಿಂತ್ಕೊ, ಚೆಂಡು ಮುಟ್ಟುವುದೂ ಬೇಡ, ನಿಂತೆ, ಮುಟ್ಟಲೂ ಇಲ್ಲ, ಸೀನಿಯರ್ ಆಡಿದೆ ಅಂತ ಅಮ್ಮನಿಗೆ ಫೋಟೊ ಕಳಿಸಿ ಕುಣಿದೆ, ಸೀನಿಯರ್‌ನಲ್ಲಿ ಒಂದು ಗಳಿಗೆ ಕಾಲಿಟ್ಟವನು ಆ ವರ್ಷ ಮತ್ತೆ ಕೆಳಗಿಳಿದು ಇಂಟರ್‌ಮೀಡಿಯೆಟ್ ಆಡುವಂತಿಲ್ಲ ಎಂದು ಯಾರಿಗೆ ಗೊತ್ತಿತ್ತು, ಅಯ್ಯೋ ದೇವರೇ, ನನಗೂ ಮರೆತೇ ಹೋಯ್ತಲ್ಲ ಯತೀ ಅಂತ ರೊನಾಲ್ಡ್ ಹಣೆ ಚಚ್ಚಿಕೊಂಡಾಗ ನಾನೇ ಸಮಾಧಾನ ಮಾಡಿದೆ, ಬಿಡಿ ರೊನಾಲ್ಡಣ್ಣ, ಬೇಕೂಂತ ಮಾಡಿದ್ರಾ ನೀವು. ಈ ಊರಿಗೆ ಬಂದ ಹೊಸತರಲ್ಲಿ ಆನ್‌ಮೆಲ್ಡುಂಗ್‌ಗೆ ಅಂದರೆ ವಿಳಾಸ ನೋಂದಣಿಗೆ, ಕೈಹಿಡಿದು ಕರೆದೊಯ್ದವನು, ಮನೆ ಸಿಗುವವರೆಗೆ ತನ್ನ ಸೋಫಾದ ಮೇಲೆ ಮಲಗಿಸಿಕೊಂಡವನು, ಹೆಂಡತಿ ಐರಿನ್ ಅಕ್ಕ ಬೆಳಿಗ್ಗೆ ಇಡ್ಲಿಯಂಥ ಬಿಸಿ ಸನ್ನ ಹಾಕಿ ತಿನ್ನು ಮಗಾ ಅನ್ನುವಳು, ತಿಂದು ಎದ್ದರೆ ನನ್ನ ಆಫೀಸಿನ ಷರಟು ಕುರ್ಚಿಯ ಮೇಲೆ, ಕೇಳದಿದ್ದರೂ ಇಸ್ತ್ರಿ ಹಾಕಿ ಇಟ್ಟಿರುವಳು, ಕರ್ಚೀಫು, ದಿಂಬಿನ ಕವರು, ಪಾತ್ರೆ ಒರೆಸುವ ಬಟ್ಟೆ, ಯಾವುದನ್ನೂ ಬಿಡುವವಳಲ್ಲ, ಎಂತ ಹುಚ್ಚು ಇವಳದ್ದು ಅಂತ ರೊನಾಲ್ಡ್ ನಗುವನು. ಇಸ್ತ್ರಿ. ಪ್ಲಾಸ್ಟಿಕ್ ಚೀಲದಿಂದ ರೊನಾಲ್ಡ್ ತೆಗೆದುಕೊಟ್ಟ ಜೆರ್ಸಿ, ಚೌಕವಾಗಿ ಮಡಿಸಿದ್ದು, ತೋಳಿನ ಮೇಲೆ ಇಸ್ತ್ರಿಯ ಮಡಿಕೆ ನೆಟ್ಟಗೆ, ಮತ್ತು ನನ್ನ ಅಳತೆಯದು — ಸೀನಿಯರ್ ತಂಡದಲ್ಲಿ ಎಲ್ಲರೂ ಆನೆಗಳು, ನನ್ನ ಅಳತೆಯದು ಆ ಮೂಟೆಯಲ್ಲಿ ಎಲ್ಲಿಂದ ಬರಬೇಕು. ಆಟದ ಜೆರ್ಸಿಗೆ ಲೋಕದಲ್ಲಿ ಯಾರು ಇಸ್ತ್ರಿ ಹಾಕುತ್ತಾರೆ. ಅಕ್ಕನಿಗೆ ಏನೂ ಗೊತ್ತಿರಲಿಕ್ಕಿಲ್ಲ, ಗಂಡ ತಂದಿಟ್ಟ ಬಟ್ಟೆ, ಅಭ್ಯಾಸಬಲ, ಹಾಕಿದಳು, ಆದರೆ ಅವನು ಮನೆಯಿಂದಲೇ ತಂದಿದ್ದಾನೆ, ಯಾರ ಕಾಲೂ ಉಳುಕುವ ಮೊದಲೇ, ನನಗೆಂದೇ. ವಸಂತದಲ್ಲಿ ಅಕ್ಕನ ತಮ್ಮ ರಾಯನ್ ಮಂಗಳೂರಿನಿಂದ ಬಂದ, ಅವನೂ ಗೋಲ್‌ಕೀಪರ್ರೇ, ನನ್ನಷ್ಟು ಚೆನ್ನಾಗಿಲ್ಲ ಅಂತ ರೊನಾಲ್ಡ್ ಬಾಯಲ್ಲೇ ಕೇಳಿದ್ದೆ, ನೇರವಾಗಿ ಕೇಳಿದ್ದರೆ ಕೊಡುತ್ತಿದ್ದೆನೋ ಏನೋ, ನನ್ನ ಬಾಮೈದ ಆಡಲಿ ಯತೀ ಅಂದಿದ್ದರೆ ಸಾಕಿತ್ತು, ಬೈದುಕೊಂಡಾದರೂ ಕೊಡುತ್ತಿದ್ದೆ, ಹಿಂದಿನಿಂದ ಬಂದು ಹೀಗೆ ಕತ್ತು ಕೊಯ್ದನಲ್ಲ.

ಕೂಗಾಟ, ಏನಾಯಿತು, ಕೆಂಪು ಜೆರ್ಸಿಯವರು ನುಗ್ಗಿದ್ದಾರೆ, ಕೊನೆಯ ಗಳಿಗೆ, ನಾವು ಎರಡೇ ಅಂಕ ಮುಂದೆ, ಗೋಲಾದರೆ ಸೋತೆವು, ಎತ್ತರದಿಂದ ಇಳಿಯುತ್ತಿದೆ ಚೆಂಡು, ಮುಂದೆ ಬಾ ರಾಯನ್, ಮುಂದೆ, ಹಿಂದೆ ಹೋಗಬೇಡ, ನಾನಾಗಿದ್ದರೆ — ಹಿಂದೆ ಹೋದ, ಹಾರಿದ, ಎದೆಗವಚಿ ಹಿಡಿದ, ಹಿಡಿದವನು ಬಿದ್ದದ್ದು ಬಲೆಯೊಳಕ್ಕೆ, ಚೆಂಡು ಗೆರೆಯಾಚೆ, ಪೂರ್ತಿ ಆಚೆ, ಕಣ್ಣಾರೆ ಕಂಡೆ. ಹೊರಳಿ ಈಚೆ ಬಂದು ಏನೂ ಆಗದವನ ಹಾಗೆ ನಿಂತಿದ್ದಾನೆ. ಆಚೆ ಕಂಬದ ಅಂಪೈರ್‌ಗೆ ಬಿಸಿಲು ಕಣ್ಣಿಗೆ, ಅವನು ನನ್ನತ್ತ ನೋಡುತ್ತಾನೆ, ರೆಫರಿ ನನ್ನತ್ತ, ಮೈದಾನದಂಚಿನಿಂದ ರೊನಾಲ್ಡ್‌ನ ದನಿ, ಕನ್ನಡದಲ್ಲಿ, ಇಷ್ಟು ಜನರಲ್ಲಿ ನಮ್ಮ ಮೂವರಿಗೆ ಬಿಟ್ಟು ಯಾರಿಗೂ ತಿಳಿಯದ ಹಾಗೆ, ಯತೀ, ಲೈನ್ ದಾಟಲಿಲ್ಲ ಅಲ್ವಾ, ಇಲ್ಲ ಅನ್ನು ಮಾರಾಯಾ, ನಾವು ನಾವೇ ಅಲ್ವಾ. ನಾವು ನಾವೇ. ಯತಿರಾಜ್ ಬಗ್ಗಿದ, ಹಸಿರು ಬಾವುಟ ಎತ್ತಿದ, ಕೆಂಪಿನವರು ಒಬ್ಬರ ಮೇಲೊಬ್ಬರು ಬಿದ್ದು ಕಿರುಚುತ್ತಿದ್ದಾರೆ, ರಾಯನ್ ಮುಖ ಮುಚ್ಚಿಕೊಂಡ, ರೊನಾಲ್ಡ್ ಬಾಯಿ ತೆರೆದು ನಿಂತಿದ್ದಾನೆ, ಸೇಡು ತೀರಿಸಿಕೊಂಡ ಅನ್ನುತ್ತಾನೆ ಇನ್ನು, ಸಾಯುವವರೆಗೂ ಅದನ್ನೇ ಅನ್ನುತ್ತಾನೆ, ಗೆರೆ ದಾಟಿತ್ತು, ಅವನು ಮೋಸ ಮಾಡದಿದ್ದರೂ ಇದನ್ನೇ ಎತ್ತುತ್ತಿದ್ದೆ, ಎತ್ತುತ್ತಿದ್ದೆನಲ್ಲ, ಹೌದಲ್ಲ, ಅದನ್ನು ನನಗೆ ನಾನೇ ಹೇಳಿಕೊಳ್ಳಲೂ ಆಗದ ಹಾಗೆ ಮಾಡಿಬಿಟ್ಟ, ಕೈ ಮೇಲೆಯೇ ಇದೆ, ಇಳಿಯುತ್ತಿಲ್ಲ, ಕಣ್ಣ ಮುಂದೆ ಆ ಚೀಲ, ಚೀಲದೊಳಗೆ ಜೆರ್ಸಿ, ನನ್ನ ಅಳತೆಯದು, ತೋಳಿನ ಮೇಲೆ ಇಸ್ತ್ರಿಯ ಮಡಿಕೆ, ನೆಟ್ಟಗೆ.