ಅವ್ವನ ಮುಖ ನೋಡಿ

ಸ್ಯಾನ್ ಡಿಯಾಗೋದ ಮಗನ ಮನೆಗೆ ಬಂದ ಮೇಲೆ ಗುರುಬಸವ್ವನಿಗೆ ಕೊರಿಯಾದ ಸಿನಿಮಾಗಳ ಹುಚ್ಚು ಹಿಡಿದಿತ್ತು. ಭಾಷೆ ತಿಳಿಯುತ್ತಿರಲಿಲ್ಲ, ಮೊಮ್ಮಗಳು ಅಪೇಕ್ಷಾ ಪಕ್ಕದಲ್ಲಿ ಕುಳಿತು ತನ್ನ ಹರಕುಮುರುಕು ಕನ್ನಡದಲ್ಲಿ ಕತೆ ಹೇಳುತ್ತಿದ್ದಳು.

ಆ ಶುಕ್ರವಾರದ ಸಿನಿಮಾದಲ್ಲಿ ಒಬ್ಬ ವಂಚಕ, ಇಲ್ಲದ ಕಂಪನಿಯ ಹೆಸರಲ್ಲಿ ಜನರಿಂದ ಹಣ ಎತ್ತುತ್ತಿದ್ದ. ಹೋದಲ್ಲೆಲ್ಲ ಜೊತೆಗೊಬ್ಬ ಮುದುಕಿ. ಅವಳು ಮಾತಾಡುವುದಿಲ್ಲ, ಎಲ್ಲರಿಗೂ ಹಣ್ಣು ಹೆಚ್ಚಿ ಕೊಡುತ್ತಾಳೆ, ಅಷ್ಟೇ.

"ಅಕಿ ಅವನ ಅವ್ವ ಏನು?" ಎಂದು ಗುರುಬಸವ್ವ ಕೇಳಿದಳು.

"ನೋ ಅಜ್ಜಿ. ಹೀ ಪೇಯ್ಸ್ ಹರ್. ಅಮ್ಮ ಇದ್ರೆ ಜನ ಟ್ರಸ್ಟ್ ಮಾಡ್ತಾರೆ."

ಆಮೇಲೆ ಗುರುಬಸವ್ವನಿಗೆ ಸಿನಿಮಾ ಕಾಣಿಸಲಿಲ್ಲ. ಮಗ ಸಂಗಮೇಶ ನೌಕರಿ ಬಿಟ್ಟು ಸ್ಯಾನ್ ಪೀಡ್ರೊ ಬಂದರಿನ ಹತ್ತಿರ ಗೋದಾಮುಗಳ ವ್ಯವಹಾರ ಶುರುಮಾಡಿದ್ದ. ಭಾನುವಾರ ಬಂತೆಂದರೆ ಅವಳಿಂದ ಶೇಂಗಾ ಹೋಳಿಗೆ ಮಾಡಿಸಿ, ಇಳಕಲ್ ಸೀರೆಯನ್ನೇ ಉಡಲು ಹೇಳಿ, ವ್ಯವಹಾರಕ್ಕೆ ಹಣ ಕೇಳಲು ಲಾಸ್ ಏಂಜಲೀಸ್ ಕಡೆಯ ಕನ್ನಡದವರ ಮನೆಗಳಿಗೆ ಕರೆದೊಯ್ಯುತ್ತಿದ್ದ. ಮಗ ತನ್ನನ್ನು ಎಷ್ಟು ತಿರುಗಾಡಿಸುತ್ತಾನೆ ಎಂದು ಅವಳು ಊರಿನವರಿಗೆಲ್ಲ ಫೋನಿನಲ್ಲಿ ಹೇಳಿಕೊಂಡಿದ್ದಳು. ಗೋದಾಮು ತೋರಿಸು ಎಂದಾಗ ಮಾತ್ರ ಅವನಿಗೆ ಏನಾದರೊಂದು ನೆಪ.

ಭಾನುವಾರ ದಾರಿಯಲ್ಲಿ ಕೇಳಿಯೇಬಿಟ್ಟಳು. "ಗೋದಾಮ ಅದಾವೋ ಇಲ್ಲೋ, ಸಂಗಪ್ಪಾ?"

ಸಂಗಮೇಶ ರಸ್ತೆ ನೋಡುತ್ತಲೇ ಒಪ್ಪಿಕೊಂಡ. ಮೊದಲು ಒಂದಿತ್ತು, ಕೋವಿಡ್ ಕಾಲದಲ್ಲಿ ಮುಳುಗಿತು, ಈಗ ಹೊಸಬರ ಹಣದಿಂದ ಹಳಬರಿಗೆ ಲಾಭ ಹಂಚುತ್ತಿದ್ದೇನೆ, ಇನ್ನೊಂದಿಷ್ಟು ದಿನ ತಡೆದರೆ ಎಲ್ಲ ಸರಿಹೋಗುತ್ತದೆ ಎಂದ. ಹೆಂಡತಿಗೂ ಹೇಳಿರಲಿಲ್ಲವಂತೆ.

ವಾಲ್‌ನಟ್ ಎಂಬ ಊರಿನಲ್ಲಿ ಗೋಪಿನಾಥ್ ಮತ್ತು ಉಷಾ ಬಾಗಿಲಲ್ಲೇ ಕಾಯುತ್ತಿದ್ದರು. ಬೆಂಗಳೂರಿನ ದಂಪತಿ, ಮನೆಯ ಮೇಲೆ ಸಾಲ ಎತ್ತಿ ಸಂಗಮೇಶನಿಗೆ ಕೊಡುವವರಿದ್ದರು. ಉಷಾ ಬಗ್ಗಿ ಗುರುಬಸವ್ವನ ಕಾಲು ಮುಟ್ಟಿದಳು. ಗುರುಬಸವ್ವ ಅವಳ ತಲೆಯ ಮೇಲಿಟ್ಟ ಕೈ ತೆಗೆಯದೆ ಹೇಳಿದಳು: "ಇವಗ ರೊಕ್ಕ ಕೊಡಬ್ಯಾಡವಾ. ಗೋದಾಮ ಇಲ್ಲ, ಏನೂ ಇಲ್ಲ. ಎಲ್ಲಾ ಸುಳ್ಳು."

ಉಷಾ ಗಾಬರಿಯಿಂದ ಗಂಡನ ಮುಖ ನೋಡಿದಳು. ಸಂಗಮೇಶ ಅವ್ವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು, ಬೆಂಗಳೂರಿನ ಕನ್ನಡದಲ್ಲಿ ಹೇಳಿದ: "ಅಪ್ಪ ಹೋದ್ಮೇಲೆ ಅಮ್ಮಂಗೆ ಹೀಗೆ. ಒಬ್ರನ್ನೇ ಬಿಡೋಕಾಗಲ್ಲ, ಅದಕ್ಕೇ ಎಲ್ಲಾ ಕಡೆ ಕರ್ಕೊಂಡು ಓಡಾಡ್ತೀನಿ." ಅವನ ಕಣ್ಣು ತುಂಬಿತ್ತು. ಅದು ನಾಟಕವಲ್ಲ ಎಂದು ಹೆತ್ತವಳಿಗೆ ಗೊತ್ತಾಯಿತು.

ಗುರುಬಸವ್ವ ಮತ್ತೆ ಹೇಳಿದಳು, ಜೋರಾಗಿ ಹೇಳಿದಳು. ದನಿ ಏರಿದಷ್ಟೂ ಅವರ ಮುಖದಲ್ಲಿ ಕನಿಕರ ಹೆಚ್ಚಿತು. ಉಷಾ ಅವಳನ್ನು ಸೋಫಾದಲ್ಲಿ ಕೂರಿಸಿ ಬಿಸಿ ಹಾಲು ತಂದುಕೊಟ್ಟಳು. ಹೆತ್ತವರನ್ನು ಹೀಗೆ ನೋಡಿಕೊಳ್ಳುವವರು ಈಗ ಎಲ್ಲಿದ್ದಾರೆ ಎನ್ನುತ್ತ ಗೋಪಿನಾಥ್ ಊಟದ ಮೇಜಿನ ಮೇಲೆ ಕಾಗದಗಳಿಗೆ ಸಹಿ ಹಾಕಿದ.

ಆ ವಾರವೇ ಸಂಗಮೇಶ ಅವ್ವನನ್ನು ಊರಿಗೆ, ಹುಬ್ಬಳ್ಳಿಗೆ ಕಳಿಸಿಬಿಟ್ಟ.

ಮರುವರ್ಷ ಅವನನ್ನು ಬಂಧಿಸಿದ ಮೇಲೆ ಉಷಾ ಹುಬ್ಬಳ್ಳಿಗೆ ಫೋನ್ ಮಾಡಿದಳು. ಮನೆ ಹೋಯಿತು, ಗೋಪಿನಾಥ್ ಯಾರ ಜೊತೆಗೂ ಮಾತಾಡುತ್ತಿಲ್ಲ ಎಂದಳು. ಬಹಳ ಹೊತ್ತು ಅತ್ತಳು. "ನೀವು ಹೇಳಿದ್ರಿ ಆಂಟಿ. ನಾವೇ ಕೇಳ್ಲಿಲ್ಲ," ಎಂದಳು.

ಜೈಲಿನಲ್ಲಿ ಮಗನಿಗೆ ಊಟಕ್ಕೆ ಏನು ಕೊಡುತ್ತಾರೆ ಎಂದು ಕೇಳುವುದು ಗುರುಬಸವ್ವನ ಬಾಯಿತುದಿಗೆ ಬಂದಿತ್ತು. ಯಾರನ್ನು ಕೇಳುತ್ತಿದ್ದೇನೆಂದು ಎಚ್ಚರವಾಗಿ ಸುಮ್ಮನಾದಳು.