ಕಿಶೋರ ಓದಿ ಹೇಳಿದ ಯುದ್ಧ

"ಇದು ಯಾರ ಮನೆ ಭಗವದ್ಗೀತೆ?" ಎಂದು ಕಾಮಾಕ್ಷಿ ಕೇಳಿದಳು.

ಮೇಜಿನ ಮೇಲಿನ ಜರಿಬಟ್ಟೆಯ ಸುಕ್ಕು ಸರಿಮಾಡುತ್ತಿದ್ದ ಶಾಂತಾ ತಲೆಯೆತ್ತಿ ನಕ್ಕರು. "ನಮ್ಮನೇದೇ ಕಣಮ್ಮ. ಸ್ವಲ್ಪ ಹಳೇದಾಗಿ ಕಾಣ್ಲಿ ಅಂತ ನಮ್ಮತ್ತೆಯವರದ್ದನ್ನ ಹುಡುಕಿ ತಂದೆ. ಚೆನ್ನಾಗಿ ಒಪ್ಪುತ್ತೆ ಅಲ್ವಾ?"

ಒಪ್ಪುತ್ತಿತ್ತು, ಅದೇ ಕಾಮಾಕ್ಷಿಗೆ ತಡೆಯಲಾಗದ ವಿಷಯ. ಮಧ್ಯೆ ಅವಳ ತಮ್ಮ ಕಿಶೋರನ ಫೋಟೋ, ಅದಕ್ಕೆ ಚೆಂಡುಹೂವಿನ ಹಾರ. ಬಲಗಡೆ ಯಾರದೋ ಎನ್‌ಸಿಸಿ ಟೋಪಿ, ಬಿಲ್ಲೆ ಕಿತ್ತದ್ದು. ಎಡಗಡೆ ಗೀತೆ. ಅದರ ಮುಂದೆ ಶಾಂತಾ ಅವರ ಮುದ್ದಾದ ಅಕ್ಷರದಲ್ಲಿ ಒಂದು ಚೀಟಿ: 'ವೀರಯೋಧ ಕಿಶೋರ್ ಅವರು ರಣರಂಗದಲ್ಲಿ ದಿನವೂ ಪಾರಾಯಣ ಮಾಡುತ್ತಿದ್ದ ಗ್ರಂಥ'. ಇಷ್ಟೆಲ್ಲದರ ಮೇಲೆ, ಗೋಡೆಯುದ್ದಕ್ಕೂ, 'ಕಾರ್ಗಿಲ್ ವೀರರಿಗೆ ನಮನ' ಎಂಬ ಬ್ಯಾನರು.

ಕಿಶೋರ ಕಾರ್ಗಿಲ್ ನೋಡಿದವನಲ್ಲ. ಹತ್ತು ವರ್ಷದ ಹಿಂದೆ ಭಾರತದ ಶಾಂತಿಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿ, ಜಾಫ್ನಾದ ಹತ್ತಿರ ಯಾವುದೋ ರಸ್ತೆಯಲ್ಲಿ ನೆಲಬಾಂಬಿಗೆ ಸಿಕ್ಕು ಸತ್ತ. ಆಗ ಯಾರೂ ಬ್ಯಾನರು ಕಟ್ಟಲಿಲ್ಲ. ಅದು ನಮ್ಮ ಯುದ್ಧವೇ ಅಲ್ಲ, ಹೋಗಿದ್ದೇ ತಪ್ಪು ಎಂದು ಪೇಪರಿನಲ್ಲಿ ಬರೆಯುತ್ತಿದ್ದರು. ಬಂದ ನೆಂಟರೂ ಅದನ್ನೇ ಹೇಳಿ, ಕಾಫಿ ಕುಡಿದು ಹೋದರು. ಈಗ, ಕಾರ್ಗಿಲ್ ಯುದ್ಧ ಮುಗಿದ ಈ ಆಗಸ್ಟಿನಲ್ಲಿ, ವಡೋದರದ ಫತೇಗಂಜಿನ ಹೊಂಬೆಳಕು ಕನ್ನಡ ಬಳಗಕ್ಕೆ ಒಬ್ಬ ಹುತಾತ್ಮ ತುರ್ತಾಗಿ ಬೇಕಾಗಿದ್ದ. ಅಹಮದಾಬಾದಿನ ಬಳಗದವರಿಗೆ ನಿಜವಾದ ಒಬ್ಬ ಕರ್ನಲ್ಲೇ ಸಿಕ್ಕಿದ್ದಾನಂತೆ. ಫತೇಗಂಜಿನವರು ಹಿಂದೆ ಬೀಳುವುದು ಹೇಗೆ?

"ನಾನು ಕೊಟ್ಟ ಪುಸ್ತಕಗಳು ಎಲ್ಲಿ?"

"ಅದನ್ನ ಇವರನ್ನೇ ಕೇಳಮ್ಮ" ಎಂದು ಶಾಂತಾ ಗಂಡ ಕೃಷ್ಣಮೂರ್ತಿಯವರ ಕಡೆ ಕೈ ತೋರಿಸಿ, ಮತ್ತೆ ಬಟ್ಟೆ ಸರಿಮಾಡತೊಡಗಿದರು.

ಅವಳು ಕೊಟ್ಟದ್ದು ಮೂರು ಪುಸ್ತಕ. 'ಯೋಧ ಬಳಸುತ್ತಿದ್ದ ವಸ್ತು ಏನಾದರೂ ಇದ್ದರೆ ಕೊಡಿ' ಎಂದು ಬಳಗದ ಅಧ್ಯಕ್ಷ ಕೃಷ್ಣಮೂರ್ತಿ ಮನೆಗೇ ಬಂದು ಕೈಮುಗಿದು ಕೇಳಿದ್ದರು. ಜಾಫ್ನಾದಿಂದ ಬಂದ ಟ್ರಂಕಿನಲ್ಲಿ ಬಟ್ಟೆ, ರೇಜರು ಬಿಟ್ಟರೆ ಇದ್ದದ್ದು ಇವೇ: ಸಿಕಂದರಾಬಾದಿನ ಫುಟ್‌ಪಾತಿನಲ್ಲಿ ಕಿಶೋರ ಕೊಂಡ, ಅವನು ಹುಟ್ಟುವ ಮೊದಲೇ ಅಚ್ಚಾದ ಇಂಗ್ಲಿಷ್ ಯುದ್ಧದ ಕಾಮಿಕ್ಸು. ಒಂದರಲ್ಲಿ ಟ್ಯಾಂಕುಗಳ ಮೇಲೆ ಹಾರುವ ತಟ್ಟೆ ನಿಂತಿತ್ತು. ಇನ್ನೊಂದರಲ್ಲಿ ಕಬ್ಬಿಣದ ಸೈನಿಕನೊಬ್ಬ ಗುಂಡು ತಾಗಿದರೂ ಸಾಯದೆ ನಡೆದುಕೊಂಡು ಬರುತ್ತಿದ್ದ. ಮೂರನೆಯದು ಹಲ್ಲಿಯದು. ಅದೇ ಅವನ ಪ್ರಾಣ.

ಮಗಳು ಸಿಂಚನಾ ಹುಟ್ಟಿದಾಗ ಕಾಮಾಕ್ಷಿ ಅರಸೀಕೆರೆಯ ತವರಿನಲ್ಲಿ ಬಾಣಂತಿ. ಕಿಶೋರ ಅದೇ ಹೊತ್ತಿಗೆ ರಜೆಯ ಮೇಲೆ ಬಂದಿದ್ದ. ಅಮ್ಮ ಅವನನ್ನು ಬಾಣಂತಿ ಕೋಣೆಯ ಒಳಗೆ ಬಿಡುತ್ತಿರಲಿಲ್ಲ. ಹೊಸ್ತಿಲಾಚೆ ಮಣೆ ಹಾಕಿಕೊಂಡು ಕೂತು, ಪುಸ್ತಕ ಎತ್ತಿ ಹಿಡಿದು, ಚಿತ್ರಕ್ಕೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಒಂದು ದ್ವೀಪ. ಎರಡು ಕಡೆಯ ಸಿಪಾಯಿಗಳು ಹೊಡೆದಾಡುತ್ತಿದ್ದಾಗ ನೆಲ ಬಿರಿದು ಮನೆಯಷ್ಟು ದೊಡ್ಡ ಹಲ್ಲಿ ಎದ್ದು ಬರುತ್ತದೆ. ಎರಡೂ ಕಡೆಯವರು ಬಂದೂಕು ಬಿಸಾಕಿ ಒಟ್ಟಿಗೆ ಓಡಿ ಒಂದೇ ಗುಹೆ ಹೊಗುತ್ತಾರೆ. ಅಲ್ಲಿ ಒಂದೇ ಡಬ್ಬಿಯಿಂದ ಹಂಚಿಕೊಂಡು ತಿನ್ನುತ್ತಾರೆ.

"ಇದಿಷ್ಟೇ ನೋಡಕ್ಕ ಬೇಕಾಗಿರೋದು" ಎನ್ನುತ್ತಿದ್ದ ಕಿಶೋರ. "ಒಂದು ಹಲ್ಲಿ ಬಂದ್ಬಿಟ್ರೆ ಸಾಕು. ಯಾರಿಗೆ ಹೊಡೀಬೇಕು ಅನ್ನೋ ತಲೆನೋವೇ ಇರಲ್ಲ. ಅಲ್ಲಿ ಜಾಫ್ನಾದಲ್ಲಿ ನಮ್ಗೆ ಯಾರು ಏನು ಅಂತ್ಲೇ ಗೊತ್ತಾಗಲ್ಲ. ಮಾವಿನಕಾಯಿ ಮಾರೋ ಅಜ್ಜೀನ ಕಂಡ್ರೂ ಬಂದೂಕು ಎತ್ತಬೇಕು."

ಅಷ್ಟು ಹೇಳಿ ಮಗುವಿನ ಕಡೆ ನೋಡಿ ಹಾಳೆ ತಿರುವುತ್ತಿದ್ದ. ರಜೆ ಮುಗಿಯುವವರೆಗೆ ಅವನು ಯುದ್ಧದ ಬಗ್ಗೆ ಬೇರೇನೂ ಹೇಳಲಿಲ್ಲ.

ಕೃಷ್ಣಮೂರ್ತಿ ವೇದಿಕೆಯ ಬಳಿ ಮೈಕಿನವನಿಗೆ ಏನೋ ಹೇಳುತ್ತಿದ್ದರು. ಕಾಮಾಕ್ಷಿ ನೇರ ಅವರ ಮುಂದೆ ಹೋಗಿ ನಿಂತಳು.

"ಸಾರ್, ನನ್ನ ತಮ್ಮ ಗೀತೆ ಓದ್ತಿದ್ದ ಅಂತ ನಿಮಗೆ ಹೇಳಿದ್ಯಾರು?"

"ನೋಡಿ ಕಾಮಾಕ್ಷಿಯವರೇ, ತಪ್ಪು ತಿಳ್ಕೋಬೇಡಿ" ಎಂದು ಅವರು ದನಿ ತಗ್ಗಿಸಿದರು. "ನಾನೂ ಆ ಪುಸ್ತಕ ತಿರುವಿ ಹಾಕಿದೆ. ಹಲ್ಲಿಯಂತೆ, ತಟ್ಟೆಯಂತೆ! ಹುತಾತ್ಮರ ಮೇಜಿನ ಮೇಲೆ ಅದನ್ನಿಟ್ರೆ ಜನ ನಗಲ್ವಾ? ನಿಮ್ಮ ತಮ್ಮನ ಮರ್ಯಾದೆ ಉಳಿಸೋಕೇ ನಾನು ಹೀಗೆ ಮಾಡಿದ್ದು."

"ಅವನ ಮರ್ಯಾದೆ ಉಳಿಸಿ ಅಂತ ನಾನು ಕೇಳಿದ್ನಾ? ಪುಸ್ತಕ ಎಲ್ಲಿ?"

"ಒಳಗೆಲ್ಲೋ ಇಟ್ಟಿರ್ತಾರೆ. ಕಾರ್ಯಕ್ರಮ ಮುಗೀಲಿ, ಕೊಡಿಸ್ತೀನಿ."

ಗಂಡ ಹರಿಪ್ರಸಾದ ಅಷ್ಟರಲ್ಲಿ ಬಂದು ಅವಳ ಮೊಣಕೈ ಹಿಡಿದ. "ಇವತ್ತೊಂದಿನ ತಡ್ಕೋ ಮಾರಾಯ್ತಿ. ಎಲ್ರೂ ನೋಡ್ತಿದ್ದಾರೆ." ಹರಿಪ್ರಸಾದನಿಗೆ ಎಲ್ಲರೂ ನೋಡುವುದೇ ದೊಡ್ಡ ಭಯ. ಅವಳು ಕೈ ಕೊಡವಿಕೊಂಡು ಅಡುಗೆ ಕೋಣೆಗೆ ನಡೆದಳು.

ಅಲ್ಲಿ ಬಳಗದ ವೈದೇಹಿ ಮಕ್ಕಳಿಗೆ ಗುಜರಾತಿ ಕುರುಕಲು ಲೀಲೋ ಚೇವಡೋ ಕಟ್ಟುತ್ತಿದ್ದಳು. ಕಾರ್ಯಕ್ರಮದಲ್ಲಿ ಮಕ್ಕಳು ಗಲಾಟೆ ಮಾಡದಿರಲಿ ಎಂದು ಅವರಿಗೆ ಮೊದಲೇ ಪೊಟ್ಟಣ ಹಂಚುವುದು ಬಳಗದ ಪದ್ಧತಿ. ಆಲೂಗಡ್ಡೆ ಎಳೆ, ಕಡಲೆಬೇಳೆ, ಸಕ್ಕರೆ, ಕೈಗೆ ಹತ್ತುವಷ್ಟು ಎಣ್ಣೆ. ಎಡಗೈಯಲ್ಲಿ ಹಾಳೆ ಹರಿದು, ಬಲಗೈಯಲ್ಲಿ ಸೌಟು ತುಂಬಿ, ಮಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ಹರಿಯುತ್ತಿದ್ದ ಹಾಳೆಯಲ್ಲಿ ಕಬ್ಬಿಣದ ಸೈನಿಕನ ಅರ್ಧ ಮುಖವಿತ್ತು.

ಕಾಮಾಕ್ಷಿ ಕಿರುಚಿದಳು. ವೈದೇಹಿಯ ಕೈಯಿಂದ ಸೌಟು ಬಿತ್ತು.

"ರದ್ದಿ ಜೊತೆ ಇಡು ಅಂತ ಅಧ್ಯಕ್ಷರೇ ಕೊಟ್ರು ಕಣ್ರೀ! ನನಗೇನು ಗೊತ್ತು? ಪೇಪರು ಕಮ್ಮಿ ಬಿತ್ತು..." ವೈದೇಹಿ ಅಳುವ ಹಾಗಾದಳು. "ಬುಟ್ಟಿ ಒಂದು ಸುತ್ತು ಹಂಚಾಯ್ತು."

ಉಳಿದದ್ದು ಹಲ್ಲಿಯ ಪುಸ್ತಕದ ರಟ್ಟು, ಅದಕ್ಕೆ ಅಂಟಿದ ನಾಲ್ಕಾರು ಹಾಳೆ. ಹೊರಗೆ ಮೈಕಿನಲ್ಲಿ ಅವಳ ಹೆಸರು ಕೂಗುತ್ತಿದ್ದರು. 'ವೀರಸೋದರಿ' ಎನ್ನುತ್ತಿದ್ದರು. ಬರುತ್ತೇನೆ, ನಿಲ್ಲಿ, ಎಂದುಕೊಂಡಳು. ಅಷ್ಟು ಕೋಪದಲ್ಲಿ ಅವಳು ಹಿಂದೆಂದೂ ಎಲ್ಲಿಗೂ ನಡೆದಿರಲಿಲ್ಲ.

ವೇದಿಕೆಯ ಮೇಲೆ ಶಾಂತಾ ಅವಳ ಹೆಗಲಿಗೆ ಕೆನೆಬಣ್ಣದ ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಡಲು ಬಂದ ಕೃಷ್ಣಮೂರ್ತಿ, ಅವಳ ಕೈಯಲ್ಲಿದ್ದ ರಟ್ಟು ಕಂಡು ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟರು. ಫೋಟೋ ತೆಗೆಯುವವನು ಸರಿದ ಕೂಡಲೇ ಕಾಮಾಕ್ಷಿ ಮೈಕಿನ ಮುಂದೆ ನಿಂತಳು.

"ಆ ಮೇಜಿನ ಮೇಲಿರೋ ಭಗವದ್ಗೀತೆ ನನ್ನ ತಮ್ಮಂದಲ್ಲ. ಟೋಪಿನೂ ಅವನದಲ್ಲ. ಅವನು ಕಾರ್ಗಿಲ್‌ನಲ್ಲಿ ಸತ್ತಿಲ್ಲ. ಶ್ರೀಲಂಕಾದಲ್ಲಿ ಸತ್ತ. ಆಗ ನಿಮ್ಮಲ್ಲಿ ಒಬ್ರೂ ನಮ್ಮನೆ ಬಾಗಿಲಿಗೆ ಬರ್ಲಿಲ್ಲ. ಅವನು ಓದ್ತಿದ್ದದ್ದು ಇದು" ಎಂದು ರಟ್ಟನ್ನು ಎತ್ತಿ ಹಿಡಿದಳು. "ಇದರ ಹಾಳೆ ಹರಿದು ನಿಮ್ಮ ಮಕ್ಕಳಿಗೆ ಚೇವಡೋ ಕಟ್ಟಿ ಕೊಟ್ಟಿದ್ದಾರೆ. ಈ ಅಧ್ಯಕ್ಷರು—"

ಕೃಷ್ಣಮೂರ್ತಿ ಕ್ಯಾಸೆಟ್ಟಿನವನಿಗೆ ಕೈಬೀಸಿದರು. ಸ್ಪೀಕರಿನಿಂದ ರಾಷ್ಟ್ರಗೀತೆ ಶುರುವಾಯಿತು.

ಇಡೀ ಸಭೆ ಎದ್ದು ನಿಂತಿತು. ಬೇರೆ ಯಾವ ಹಾಡಾಗಿದ್ದರೂ ಅವಳು ಅದರ ಮೇಲೆ ದನಿಯೆತ್ತುತ್ತಿದ್ದಳು. ಇದಕ್ಕೆ ಏನು ಮಾಡುವುದು? ತಮ್ಮನ ಚಿತೆಗೆ ಬೆಂಕಿಯಿಟ್ಟ ಸಹಯೋಧರೂ ಇದಕ್ಕೇ ನೆಟ್ಟಗೆ ನಿಂತವರು. ಅವಳೂ ಕೈ ಇಳಿಬಿಟ್ಟು ನೆಟ್ಟಗೆ ನಿಂತಳು. ರಟ್ಟಿನ ಎಣ್ಣೆ ರೇಷ್ಮೆ ಸೀರೆಯ ನೆರಿಗೆಗೆ ಇಳಿಯುತ್ತಿತ್ತು. ಮುಂದೆ ಜಮಖಾನದ ಮೇಲೆ ಮಕ್ಕಳು ಪೊಟ್ಟಣ ಹಿಡಿದು ಅಲುಗಾಡದೆ ನಿಂತಿದ್ದವು. ಕೃಷ್ಣಮೂರ್ತಿ ಕಣ್ಣು ಮುಚ್ಚಿದ್ದರು. ಆ ಭಕ್ತಿ ನೋಡಿ ಅವಳಿಗೆ ಅವರ ಮೋರೆಗೆ ಉಗಿಯಬೇಕೆನಿಸಿತು.

ಹಾಡು ಮುಗಿದದ್ದೇ ತಡ, ಮೈಕು ಆಫ್ ಆಯಿತು. "ಎಲ್ಲರೂ ಉಪಾಹಾರಕ್ಕೆ ಬರಬೇಕು" ಎಂದು ಅಧ್ಯಕ್ಷರು ಬಾಯಲ್ಲೇ ಕೂಗಿದರು. ಕುರ್ಚಿ ಎಳೆದಾಡುವ ಸದ್ದಾಯಿತು. ಜನ ಅವಳ ಕಡೆ ನೋಡದೆ, ತುಸು ಜಾಸ್ತಿಯೇ ಅವಸರದಿಂದ ಹೊರಗೆ ಹೋದರು. ಹರಿಪ್ರಸಾದ ಕಂಬದ ಪಕ್ಕ ನಿಂತು ವಾಚಿಗೆ ಕೀ ಕೊಡುತ್ತಿದ್ದ.

ಕಾಮಾಕ್ಷಿ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಸಿಂಚನಾ ಓಡಿ ಬಂದು ಪಕ್ಕದಲ್ಲಿ ಕೂತಳು. ತನ್ನ ಪೊಟ್ಟಣದ ಚೇವಡೋವನ್ನು ಲಂಗದ ಮಡಿಲಿಗೆ ಸುರಿದುಕೊಂಡು ಹಾಳೆ ಬಿಡಿಸಿ ಕೊಟ್ಟಳು.

"ನಂಗೆ ಇದು ಬಂತಮ್ಮ. ಲಾಸ್ಟ್ ಪೇಜ್. ಮಾಮಾಂದಾ?"

ಅದೇ ಹಾಳೆ. ಕೊನೆಯ ಚಿತ್ರದಲ್ಲಿ ಹೊರಗೆ ಕತ್ತಲು, ಗುಹೆಯ ಬಾಯಿಂದ ಹಳದಿ ಬೆಳಕು. "ಹ್ಞೂಂ, ಮಾಮಂದು" ಎಂದಳು ಕಾಮಾಕ್ಷಿ. "ನೋಡು, ಎರಡೂ ಕಡೆಯವ್ರು ಗುಹೆಯೊಳಗೆ ಒಲೆ ಹಚ್ಚಿ ಊಟ ಮಾಡ್ತಿದ್ದಾರೆ. ಒಲೆ ಬೆಳಕು ಅದು."

ಹನ್ನೊಂದು ವರ್ಷದ ಇಂಗ್ಲಿಷ್ ಮೀಡಿಯಮ್ ಹುಡುಗಿ ಎಣ್ಣೆಯಲ್ಲಿ ಮಸುಕಾದ ಅಕ್ಷರಗಳ ಮೇಲೆ ಬೆರಳು ಓಡಿಸಿದಳು. ಈ ಪುಸ್ತಕಗಳನ್ನು ಅಮ್ಮ ಅವಳ ಕೈಗೆ ಎಂದೂ ಕೊಟ್ಟಿರಲಿಲ್ಲ.

"ಇಲ್ಲಮ್ಮ, ಹಂಗೆ ಬರ್ದಿಲ್ಲ. ಲಿಝರ್ಡ್ ಸತ್ತೋಯ್ತಲ್ಲ, ಆಮೇಲೆ ಸಾರ್ಜೆಂಟ್ ಹೇಳ್ತಾನೆ, ಈಗ ಗುಹೇಲಿರೋ ಆ ಕಡೆಯವ್ರದ್ದೂ ಮುಗಿಸಿ ಅಂತ. ಇದು ಒಲೆ ಅಲ್ಲ. ದೇ ಆರ್ ಶೂಟಿಂಗ್ ದೆಮ್." ಅವಳು ಮುಖವೆತ್ತಿದಳು. "ಮಾಮಾಗೆ ಇಂಗ್ಲಿಷ್ ಬರ್ತಿರ್ಲಿಲ್ವಾ?"

ಕಾಮಾಕ್ಷಿ ಹಾಳೆಯನ್ನು ಹತ್ತಿರ ಹಿಡಿದಳು. ದಪ್ಪಕ್ಷರಗಳು ಅವಳಿಗೂ ಓದಲು ಬರುತ್ತಿದ್ದವು. ಕಿಶೋರನ ದನಿ ಕಿವಿಯಲ್ಲಿರುವಾಗ ಅವಳು ಅವನ್ನು ಓದಲು ಹೋಗಿರಲೇ ಇಲ್ಲ. ಕಿಶೋರ ಸೇನೆಯ ಸಿಗ್ನಲ್ಸ್ ವಿಭಾಗದವನು. ಹಗಲು ರಾತ್ರಿ ಇಂಗ್ಲಿಷಿನಲ್ಲಿ ಸಂದೇಶ ಕಳಿಸುವುದು, ಬರೆದುಕೊಳ್ಳುವುದು, ಅದೇ ಅವನ ನೌಕರಿ.

"ಬರ್ತಿತ್ತು" ಎಂದಳು. "ಚೆನ್ನಾಗಿ ಬರ್ತಿತ್ತು ಕಣೇ."

ಹೊರಗೆ ತಟ್ಟೆಗಳ ಸದ್ದು ಜೋರಾಯಿತು. ಕಾಮಾಕ್ಷಿ ಹೆಗಲ ಮೇಲಿನ ಶಾಲನ್ನು ಎಳೆದು ತೊಡೆಯ ಮೇಲೆ ಹಾಸಿಕೊಂಡಳು. ಅದರ ಮೇಲೆ ಹಾಳೆ ಹರಡಿ, ಅಂಚಿನಿಂದ ಎಣ್ಣೆ ಒತ್ತತೊಡಗಿದಳು. ಜಮಖಾನದಲ್ಲಿ ಉಳಿದಿದ್ದ ಮಕ್ಕಳು ತಮ್ಮ ತಮ್ಮ ಪೊಟ್ಟಣ ಬಿಡಿಸಿ ನೋಡುತ್ತಿದ್ದವು.